ಸೌಟಿಗೆ ಯಾರು ಹೊಣೆ?

ಟೆಕ್ಸಾಸಿಗೆ ಬಂದ ಕನ್ನಡಿಗ ಮೊದಲು ಕ್ಯಾಮ್ರಿ ಕೊಳ್ಳುತ್ತಾನೆ. ಮಕ್ಕಳಾಗಿ, ಊರಿನಿಂದ ಅತ್ತೆ-ಮಾವ ಬರುವುದು ಖಚಿತವಾದ ಮೇಲೆ ಮಿನಿವ್ಯಾನ್. ಹಿತ್ತಲಿರುವ ಮನೆ ಕೊಂಡು, ಹುಲ್ಲು ಕತ್ತರಿಸುವ ಕರ್ಮ ಅಂಟಿಕೊಂಡ ಮೇಲೆ ಅವನ ಕಣ್ಣು ಪಿಕಪ್ ಟ್ರಕ್ಕಿನ ಮೇಲೆ ಬೀಳುತ್ತದೆ. ಅವನನ್ನು ದೂರುವ ಹಾಗಿಲ್ಲ. ಅಮೆರಿಕದಲ್ಲಿ ದಶಕಗಳ ಕಾಲ ಅತಿ ಹೆಚ್ಚು ಮಾರಾಟವಾದ ವಾಹನವೇ ಫೋರ್ಡ್ ಎಫ್-ಸೀರೀಸ್ ಪಿಕಪ್ಪು. ನಮ್ಮ ಷಡ್ಡಕರೂ ಒಂದು ಕೊಂಡರು. ಕೊಂಡ ವಾರವೇ ಅದು ಕನ್ನಡ ಸಂಘದ ಸ್ವತ್ತಾಯಿತು. ಕಂತು ಕಟ್ಟುವ ಹಕ್ಕೊಂದು ಮಾತ್ರ ಅವರಲ್ಲಿ ಉಳಿಯಿತು.

ಅಜ್ಜಿಮನೆಯ ಅಟ್ಟಕ್ಕೆ ನಾಲ್ಕು ಚಕ್ರ ಕಟ್ಟಿದರೆ ಏನಾಗುತ್ತದೋ ಅದೇ ಪಿಕಪ್ಪು. ಹತ್ತಿದ ಸಾಮಾನು ಇಳಿಯುವುದಿಲ್ಲ. ರಾಜ್ಯೋತ್ಸವಕ್ಕೆ ಹೊತ್ತ ಪಾತ್ರೆ-ಪರಡಿ, ಮಡಿಸುವ ಕುರ್ಚಿ, ಭುವನೇಶ್ವರಿಯ ಥರ್ಮಾಕೋಲ್ ಕಿರೀಟ ಎಲ್ಲವೂ ಹಬ್ಬ ಮುಗಿದ ಮೇಲೂ ಹಿಂದೆಯೇ ಸವಾರಿ ಮಾಡುತ್ತಿದ್ದವು. ಅವುಗಳ ನಡುವೆ, ಇನ್ನೂರು ಜನರ ಬಿಸಿಬೇಳೆಬಾತ್ ತೊಳಸಲೆಂದು ಮೈಸೂರಿನಿಂದ ಯಾರೋ ಹೊತ್ತು ತಂದಿದ್ದ ಉದ್ದ ಹಿಡಿಯ ಸ್ಟೀಲ್ ಸೌಟು. ಇಂಥ ಸ್ಥಿತಿಯಲ್ಲಿ ಷಡ್ಡಕರು ಟ್ರಕ್ಕನ್ನು ಕಾರ್ ವಾಷ್‌ಗೆ ಒಯ್ದರು. ಪಕ್ಕದ ಸೀಟಿನಲ್ಲಿ ನಾನಿದ್ದೆ, ಸಾಕ್ಷಿಯಾಗಿ.

ಇಲ್ಲಿನ ಸುರಂಗದಂಥ ಕಾರ್ ವಾಷ್ ನೋಡದವರಿಗೆ ಎರಡು ಮಾತು. ಯಂತ್ರಕ್ಕೆ ಕಾರ್ಡ್ ತೋರಿಸಿ ದುಡ್ಡು ಕೊಡಬೇಕು. ಹುಡುಗನೊಬ್ಬ ಕೈಸನ್ನೆ ಮಾಡಿ ಎಡಗಾಲಿಯನ್ನು ಹಳಿಗೆ ಹತ್ತಿಸುತ್ತಾನೆ. ಗೇರು ನ್ಯೂಟ್ರಲ್, ಬ್ರೇಕ್ ಮೇಲೆ ಕಾಲಿಡಬೇಡಿ, ಸ್ಟಿಯರಿಂಗ್ ಮುಟ್ಟಬೇಡಿ ಎಂಬ ಫಲಕ ಎದುರಾಗುತ್ತದೆ. ಬದುಕಿನಲ್ಲಿ ಇಷ್ಟು ಸಂಪೂರ್ಣ ಶರಣಾಗತಿಯನ್ನು ನಾನು ತಿರುಪತಿ ಕ್ಯೂನಲ್ಲಿ ಮಾತ್ರ ಕಂಡಿದ್ದೇನೆ. ಕನ್ವೇಯರ್ ಗಾಡಿಯನ್ನು ಎಳೆದೊಯ್ಯುತ್ತದೆ, ಬಣ್ಣದ ನೊರೆ ಸುರಿಯುತ್ತದೆ, ಅಕ್ಕಪಕ್ಕದಿಂದಲೂ ಮೇಲಿನಿಂದಲೂ ಬ್ರಷ್ಷುಗಳು ತಿರುಗುತ್ತಾ ಬಂದು ಮೈಯುಜ್ಜುತ್ತವೆ. ಬಯಲು ಬೆನ್ನಿನ ಪಿಕಪ್ ಬಂದಾಗ ಮೇಲಿನ ಬ್ರಷ್ಷನ್ನು ಎತ್ತಿಕೊಳ್ಳಲೆಂದೇ ಗುಂಡಿ ಇರುತ್ತದೆ. ಅದನ್ನು ಒತ್ತಬೇಕಾದವನು ಅದೇ ಹುಡುಗ. ಅವನು ನಮ್ಮನ್ನು ನೋಡಿದ, ಕುರ್ಚಿಗಳನ್ನು ನೋಡಿದ, ಕಿರೀಟ ನೋಡಿ ನಕ್ಕ, ಕೈಬೀಸಿದ. ಒತ್ತಲಿಲ್ಲ.

ಬ್ರಷ್ಷು ಇಳಿಯಿತು. ಕಿರೀಟ ಪುಡಿಯಾಗಿ ಹಿಮದಂತೆ ಸುರಿದದ್ದು ಕಂಡಿತು. ಆಮೇಲೆ ಟಣ್ ಎಂದು ಹಿಂಗಾಜಿನ ಮೇಲೊಂದು ಪೆಟ್ಟು. ಮತ್ತೊಂದು. ಬ್ರಷ್ಷು ಸೌಟನ್ನು ಹಿಡಿದುಕೊಂಡಿತ್ತು. ತೊಳಸುವ ವೇಗದಲ್ಲೇ ತಿರುಗಿಸುತ್ತಿತ್ತು.

“ಭಾವ, ಬ್ರೇಕ್ ಹಾಕಲಾ?”

“ಹಾಕಬೇಡಿ ಅಂತ ಬರೆದಿದೆಯಲ್ಲಯ್ಯ!”

ನಾವು ಸೀಳುಬಿಟ್ಟ ಗಾಜಿನೊಡನೆ ಪಾರಾದೆವು. ಸೌಟು ಒಳಗೇ ಉಳಿಯಿತು, ಹಿಂದೆ ಬರುತ್ತಿದ್ದ ಬಿಳಿ ಬಿಎಂಡಬ್ಲ್ಯುವಿಗಾಗಿ.

ಅದರ ಯಜಮಾನ ಸಜ್ಜನ. ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, ಇದು ಯಾವ ಆಯುಧ ಎಂದು ಕೇಳಿದ. ಷಡ್ಡಕರು ಬಿಸಿಬೇಳೆಬಾತಿನ ವಿಚಾರ ಶುರುಮಾಡಿದರು. ಚಕ್ಕೆ ಮೊಗ್ಗಿನ ತನಕ ಬಂದಾಗ ನಾನೇ ತಡೆದೆ. ಮ್ಯಾನೇಜರ್ ಬಂದವನೇ ಏನೂ ಮಾತಾಡದೆ ಗೋಡೆಯ ಕಡೆ ಬೆರಳು ತೋರಿಸಿದ. ಆಂಟೆನಾ, ಹೊರಗಿನಿಂದ ಕೂಡಿಸಿದ ಬಿಡಿಭಾಗ, ಟ್ರಕ್ಕಿನ ಹಿಂಭಾಗದ ಸಡಿಲ ಸಾಮಾನು, ಇವುಗಳಿಂದ ಆಗುವ ಯಾವ ಹಾನಿಗೂ ನಾವು ಜವಾಬ್ದಾರರಲ್ಲ.

ನಾವು ಈ ಸಾಹಿತ್ಯವನ್ನು ಓದಿಯೇ ಬೆಳೆದವರು. ಬಸ್ಸಿನಲ್ಲಿ ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು, ದೇವಸ್ಥಾನದಲ್ಲಿ ಚಪ್ಪಲಿಗೆ, ಲಾಂಡ್ರಿ ಚೀಟಿಯಲ್ಲಿ ಬಣ್ಣಕ್ಕೆ. ಜವಾಬ್ದಾರಿ ಹೊರುತ್ತೇವೆಂದು ಬರೆದ ಬೋರ್ಡನ್ನು ಭೂಮಿಯ ಮೇಲೆ ನಾನಿನ್ನೂ ಕಂಡಿಲ್ಲ. ಷಡ್ಡಕರಿಗೆ ಆ ಕ್ಷಣದಲ್ಲಿ ಹೊಳೆದ ವಿಷಾದವೂ ಅದೇ: ತಮ್ಮ ಟ್ರಕ್ಕಿನ ಹಿಂದೆಯೂ, ಊರಿನ ಲಾರಿಗಳ ಹಾಗೆ, ‘ಸೌಟಿಗೆ ನಾವು ಜವಾಬ್ದಾರರಲ್ಲ’ ಎಂದು ಬರೆಸಿಬಿಟ್ಟಿದ್ದರೆ!

ಬರೆಸಿದ್ದರೂ ದಕ್ಕುತ್ತಿರಲಿಲ್ಲ. ಬೋರ್ಡು ಬರೆದವನ ಆಸೆಯನ್ನು ಹೇಳುತ್ತದೆ, ಕಾನೂನನ್ನಲ್ಲ. ತನ್ನದೇ ಅಜಾಗರೂಕತೆಯ ಹೊಣೆಯಿಂದ ನುಣುಚಿಕೊಳ್ಳಬೇಕೆನ್ನುವವನು ಅದನ್ನು ಬಾಯಿಬಿಟ್ಟು ಹೇಳಿರಬೇಕು, ಕಣ್ಣಿಗೆ ಹೊಡೆಯುವಂತೆ ಬರೆದಿರಬೇಕು ಎಂದು ಟೆಕ್ಸಾಸಿನ ಸುಪ್ರೀಂ ಕೋರ್ಟು ಪಟ್ಟುಹಿಡಿದಿದೆ. 1993ರ ಡ್ರೆಸ್ಸರ್ ಮೊಕದ್ದಮೆ ಇದಕ್ಕೆ ಆಧಾರ. ನಮ್ಮ ಮ್ಯಾನೇಜರ್ ತೋರಿಸಿದ ಬೋರ್ಡಿನ ಅರ್ಧವನ್ನು ಕಸದ ಡ್ರಮ್ಮು ಮರೆಮಾಡಿತ್ತು.

ಭಾರತದಲ್ಲೂ ಇಂಥದೇ ತೀರ್ಪೊಂದಿದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಒಬ್ಬರು ಮಾರುತಿ ಝೆನ್ ಕಾರಿನ ಕೀಲಿಯನ್ನು ಸಿಬ್ಬಂದಿಗೆ ಒಪ್ಪಿಸಿ ಒಳಹೋದರು, ಕಾರು ಕಳುವಾಯಿತು. ಪಾರ್ಕಿಂಗ್ ಚೀಟಿಯಲ್ಲಿ ‘ಮಾಲೀಕರದೇ ಹೊಣೆ’ ಎಂದು ಅಚ್ಚಾಗಿತ್ತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಚೀಟಿಯನ್ನು ಪಕ್ಕಕ್ಕಿಟ್ಟಿತು: ಕೀಲಿ ಇಸಿದುಕೊಂಡ ಮೇಲೆ ವಾಹನವನ್ನು ಸುರಕ್ಷಿತವಾಗಿ ಹಿಂದಿರುಗಿಸುವುದು ಹೋಟೆಲಿನ ಕರ್ತವ್ಯ, ತನ್ನ ಅಲಕ್ಷ್ಯವನ್ನು ಚೀಟಿಯ ಹಿಂದೆ ಅಡಗಿಸುವಂತಿಲ್ಲ. ತೀರ್ಪು ಬರೆದವರು ಹಾವೇರಿ ಜಿಲ್ಲೆಯ ಚಿಕ್ಕೇರೂರಿನ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಇದನ್ನು ಓದಿ ಷಡ್ಡಕರಿಗೆ ಎರಡು ಬಗೆಯ ಹುರುಪು ಬಂತು, ಕಾನೂನಿನದು ಮತ್ತು ಕನ್ನಡದ್ದು.

ಅಲ್ಲೇ ಎಡವಟ್ಟಿತ್ತು. ನಮ್ಮ ಕೀಲಿ ನಮ್ಮ ಹತ್ತಿರವೇ ಇತ್ತು. ಗಾಡಿಯೊಳಗೆ ನಾವೇ ಕೂತಿದ್ದೆವು. ಒಪ್ಪಿಸಿದ ವಸ್ತುವಿನ ಹೊಣೆ ಒಪ್ಪಿಸಿಕೊಂಡವನದು ಎನ್ನುವ ಬೇಲ್‌ಮೆಂಟ್ ವಾದ ಇಲ್ಲಿ ಕುಂಟುತ್ತದೆ. ಅದರಲ್ಲೂ ಸೌಟನ್ನು ಯಾರೂ ಯಾರಿಗೂ ಒಪ್ಪಿಸಿರಲಿಲ್ಲ. ಉಳಿಯುವುದು ಯಾರು ಎಷ್ಟು ಅಜಾಗರೂಕರು ಎಂಬ ಲೆಕ್ಕ. ಟೆಕ್ಸಾಸಿನಲ್ಲಿ ಅದನ್ನು ಶೇಕಡಾವಾರು ಹಂಚುತ್ತಾರೆ. ಪರಿಹಾರ ಕೇಳುವವನ ಪಾಲೇ ಶೇ. 50 ದಾಟಿದರೆ ಅವನಿಗೆ ಬಿಡಿಗಾಸೂ ಸಿಗುವುದಿಲ್ಲ. 20,000 ಡಾಲರ್‌ವರೆಗಿನ ವ್ಯಾಜ್ಯವನ್ನು ಸ್ಥಳೀಯ ಜಸ್ಟೀಸ್ ಕೋರ್ಟಿನಲ್ಲಿ ವಕೀಲರಿಲ್ಲದೆ ನಾವೇ ವಾದಿಸಬಹುದು. ಷಡ್ಡಕರು ವಾದಿಸುವ ಸಂಭವವೇ ನನ್ನನ್ನು ಹೆದರಿಸಿತು. ನನ್ನನ್ನು ಕೇಳಿದರೆ ಹುಡುಗನ ಗುಂಡಿಗೆ ಶೇ. 35, ಷಡ್ಡಕರಿಗೆ 65. ಬಿಎಂಡಬ್ಲ್ಯುವಿನವನ ತಪ್ಪು ಸೊನ್ನೆ. ಅವನು ನೊರೆಯಲ್ಲಿ ಸುಮ್ಮನೆ ಕೂತಿದ್ದ.

ಸಂಘದ ತುರ್ತುಸಭೆ ಸೇರಿತು. ಸೌಟು ಸಂಘದ್ದೇ ಎಂದು ಅಧ್ಯಕ್ಷರು ಒಪ್ಪಿದರು. ಆದರೆ ಅದನ್ನು ಕಾರ್ ವಾಷ್‌ಗೆ ಕಳಿಸುವ ಠರಾವು ಯಾವ ನಡಾವಳಿಯಲ್ಲೂ ಇಲ್ಲವೆಂದರು. ಖಜಾಂಚಿ ಥರ್ಮಾಕೋಲ್ ಕಿರೀಟದ ರಸೀದಿ ಕೇಳಿದರು. ಹಿಂದಿನ ಅಧ್ಯಕ್ಷರು, ತಮ್ಮ ಕಾಲದಲ್ಲಿ ಸೌಟುಗಳು ಹೀಗೆ ಹಾರುತ್ತಿರಲಿಲ್ಲ ಎಂದು ದಾಖಲಿಸಬಯಸಿದರು.

ಕೊನೆಗೆ ಬಿಎಂಡಬ್ಲ್ಯುವಿನ ಬಾನೆಟ್ಟಿಗೆ ದುಡ್ಡು ಕೊಟ್ಟದ್ದು ಷಡ್ಡಕರ ವಾಹನ ವಿಮೆ. ಬೇರೆಯವರ ಆಸ್ತಿಗಾಗುವ ಹಾನಿಗೆ ಕನಿಷ್ಠ 25,000 ಡಾಲರ್ ವಿಮೆ ಇರಲೇಬೇಕೆಂದು ಟೆಕ್ಸಾಸ್ ಕಡ್ಡಾಯ ಮಾಡಿರುವುದು ಇಂಥ ಅಡುಗೆಯವರಿಗಾಗಿಯೇ ಇರಬೇಕು. ಹಿಂಗಾಜಿನ ಖರ್ಚನ್ನು ಅವರೇ ಕೈಯಿಂದ ಹಾಕಿದರು. ಹೊತ್ತೊಯ್ದ ಸ್ವಂತ ಸಾಮಾನಿಗೆ ವಾಹನ ವಿಮೆ ಸಾಮಾನ್ಯವಾಗಿ ಪೈಸೆ ಕೊಡುವುದಿಲ್ಲವಾದ್ದರಿಂದ ಕಿರೀಟ, ಕುರ್ಚಿಗಳು ಸಂಘದ ನಷ್ಟಕ್ಕೆ ಸೇರಿದವು. ಕಾರ್ ವಾಷ್‌ನವರು ತಪ್ಪೊಪ್ಪಿಕೊಳ್ಳದೆಯೇ ಉಚಿತ ವಾಷ್‌ನ ಕೂಪನ್ ಒಂದನ್ನು ಕೊಟ್ಟರು.

ಸೌಟಿನ ಹಿಡಿ ಈಗ ಸೊಟ್ಟಗಾಗಿದೆ, ತೊಳಸಲು ಬರುವುದಿಲ್ಲ. ಯುಗಾದಿ ಹತ್ತಿರ ಬಂತು. ಡಲ್ಲಾಸ್ ಸುತ್ತಮುತ್ತಲ ಕನ್ನಡಿಗರಲ್ಲಿ ಯಾರ ಬಳಿಯಾದರೂ ದೊಡ್ಡ ಸೌಟಿದ್ದರೆ ದಯವಿಟ್ಟು ತಂದುಕೊಡಿ. ಕಾರಿನ ಡಿಕ್ಕಿಯಲ್ಲಿಟ್ಟು, ಡಿಕ್ಕಿ ಮುಚ್ಚಿಕೊಂಡು ಬನ್ನಿ.