ಮುತ್ತಜ್ಜಿ ಯಾರ ಮನೆ ಮಗಳು?

ನಮ್ಮ ಕೊಪ್ಪದ ಕಡೆ ಈಗ ವಂಶವೃಕ್ಷದ ಗೀಳು. ಕುಟುಂಬದ ಸಮಾವೇಶ ಅಂತ ಒಂದು ಮಾಡುವುದು, ಫ್ಲೆಕ್ಸಿನ ಮೇಲೆ ಏಳು ತಲೆಮಾರು ಹಾಕಿಸುವುದು, ಪಾಯಸ ಉಂಡು ಏಳುವುದು. ಪಕ್ಕದ ಮನೆ ಅಕ್ಕನಿಗೂ ಅದು ತಗುಲಿದೆ. ಮೊನ್ನೆ ದಾಸವಾಳದ ಬೇಲಿಯಾಚೆಯಿಂದ ಕೇಳಿದರು: “ನಮ್ಮ ಯಜಮಾನರ ಮುತ್ತಜ್ಜಿ ಇದ್ದರಲ್ಲ, ಗಂಡ ಹೋದ ಮೇಲೆ ಒಬ್ಬರೇ ನಿಂತು ಅಡಕೆ ತೋಟ ಎಬ್ಬಿಸಿದವರು, ಅವರ ಹೆಸರು ಎಲ್ಲಿ ಸಿಕ್ಕೀತು ಮಾರಾಯ್ತಿ?”

“ಭಟ್ಟರನ್ನು ಕೇಳಿ” ಅಂದೆ. ತರ್ಪಣ ಬಿಡುವಾಗ ಅಪ್ಪ, ಅಜ್ಜ, ಮುತ್ತಜ್ಜನ ಜೊತೆ ಅಮ್ಮ, ಅಜ್ಜಿ, ಮುತ್ತಜ್ಜಿಯ ಹೆಸರನ್ನೂ ಹೇಳಬೇಕಲ್ಲ. ಯಜಮಾನರಿಗೆ ಎಪ್ಪತ್ತು ದಾಟಿದೆ, ಮೂರನೆಯ ಹೆಸರು ಹತ್ತೊಂಬತ್ತನೇ ಶತಮಾನಕ್ಕೆ ಮುಟ್ಟೀತು.

“ಅದೂ ಆಯ್ತು. ಭಟ್ಟರು ಲಕ್ಷ್ಮಿ ಅಂತಾರೆ, ನಮ್ಮತ್ತೆ ದುಗ್ಗಮ್ಮ ಅಂತಿದ್ದರು.”

ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುವ ಮನೆಗಳಿದ್ದವು. ಇಬ್ಬರು ಹೇಳಿದ್ದೂ ಸರಿಯೇ ಇರಬೇಕು.

ಸರ್ಕಾರದ ಕಾಗದ ನೋಡೋಣವೆಂದರೆ, ಮೈಸೂರು ಸೀಮೆಯ 1871ರ ಜನಗಣತಿ ನಮಗೆ ಉಳಿಸಿದ್ದು ಲೆಕ್ಕ, ಹೆಸರಲ್ಲ. ತೋಟ ಎಬ್ಬಿಸಿದ್ದು ಮುತ್ತಜ್ಜಿಯಾದರೂ ಖಾತೆ ಗಂಡಸಿನ ಹೆಸರಿಗೆ. ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಮೈಸೂರಿನಲ್ಲಿ ಕಾಯ್ದೆ ಬಂದದ್ದೇ 1933ರಲ್ಲಿ. ತೋಟ ಶೃಂಗೇರಿ ಕಡೆಯದಾದರೆ, ಆ ಸೀಮೆ ಆಗ ಮಠದ ಜಹಗೀರಾಗಿತ್ತು. ಮಠದ ಕಡತಗಳನ್ನು ಎ.ಕೆ. ಶಾಸ್ತ್ರಿಗಳು ಅಚ್ಚಿಗೆ ತಂದಿದ್ದಾರೆ, ತಿರುವಿ ನೋಡಬಹುದು. ಇವೆಲ್ಲಕ್ಕಿಂತ ಗಟ್ಟಿ ಕಾಗದ ದತ್ತಕ ಪತ್ರ. ಮಕ್ಕಳಿಲ್ಲದ ವಿಧವೆ ಹುಡುಗನನ್ನು ದತ್ತು ತೆಗೆದುಕೊಂಡು ಪತ್ರ ಮಾಡಿಸಿದ್ದರೆ, ಇಂಥವರ ಹೆಂಡತಿ ಇಂಥವಳು ಅಂತ ಅದರಲ್ಲಿ ಬರೆದಿರುತ್ತದೆ.

“ದತ್ತು ಅಂದರೆ ನಾವು ಅವರ ರಕ್ತವೇ ಅಲ್ಲ ಅಂತಾಯ್ತಲ್ಲೇ!”

“ತೋಟದ ಅಡಕೆ ತಿಂತಾ ಇದ್ದೀರಲ್ಲ ಅಕ್ಕ, ಇನ್ನೆಂಥ ಬೇಕು?”

ಪುಸ್ತಕ ಬರೆದ ಹೆಂಗಸರನ್ನೇ ನಾವು ನೆನಪಿಟ್ಟುಕೊಳ್ಳಲಿಲ್ಲ. ನಂಜನಗೂಡು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಹದಿನಾಲ್ಕಕ್ಕೇ ವಿಧವೆ. 1913ರಲ್ಲಿ ‘ಸತಿಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿ ಕಾದಂಬರಿ ಬರೆದರು, ತಾವೇ ಪ್ರಕಟಿಸಿದರು, ಪತ್ರಿಕೆಯನ್ನೂ ನಡೆಸಿದರು. 1982ರಲ್ಲಿ ಮದ್ರಾಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಕನ್ನಡ ಓದುಗರು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ಕಪಾಟಿನಲ್ಲಿ ಪುಸ್ತಕ ಇದ್ದವರ ಕಥೆಯೇ ಹೀಗಾದರೆ, ಕಣದಲ್ಲಿ ಅಡಕೆ ಹರವಿದವರನ್ನು ಕೇಳುವವರು ಯಾರು?

ಹಾಗಾಗಿ ನಾನು ಹೇಳುವುದು ಇಷ್ಟೇ: ಹೆಣ್ಣನ್ನು ಹುಡುಕುವುದಾದರೆ ಗಂಡನ ಮನೆಯ ಜಗುಲಿಯಲ್ಲಿ ಕೂತು ಪ್ರಯೋಜನವಿಲ್ಲ, ತವರಿಗೆ ಹೋಗಬೇಕು. ಚೊಚ್ಚಲ ಬಾಣಂತನ ಅಲ್ಲೇ. ಕುವೆಂಪು ಅಂದ ಕೂಡಲೇ ಎಲ್ಲರೂ ಕುಪ್ಪಳಿ ಅಂತಾರೆ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಲ್ಲಿ. ರಾಷ್ಟ್ರಕವಿಯ ಅಮ್ಮನ ಊರೇ ಎರಡನೇ ಸಾಲಿಗೆ ಬಿತ್ತು!

“ಮುತ್ತಜ್ಜಿಯ ತವರು ನರಸಿಂಹರಾಜಪುರದ ಕಡೆ, ಭದ್ರೆ ದಂಡೆ ಅಂತ ಕೇಳಿದ ನೆನಪು” ಅಂದರು ಅಕ್ಕ.

ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಕಡೆಯ ಎಷ್ಟೋ ಹಳ್ಳಿ ಮುಳುಗಿವೆ. ಮನೆ ಹೋದರೂ ಜನ ಇದ್ದಾರೆ. ಎದ್ದುಹೋದವರು ಎಲ್ಲಿ ನೆಲೆ ನಿಂತರೋ ಅಲ್ಲಿಗೆ ಹೋಗಿ, ಎಂಬತ್ತು ದಾಟಿದ ಅಜ್ಜಿಯೊಬ್ಬರ ಎದುರು ಕೂತು, “ಕೊಪ್ಪದ ಕಡೆ ಕೊಟ್ಟ ಹೆಣ್ಣು ಯಾರು?” ಅಂತ ಕೇಳಬೇಕು. ಗಂಡಸರು ಗದ್ದೆಯ ಎಲ್ಲೆ ಹೇಳುತ್ತಾರೆ. ಯಾವ ಹೆಣ್ಣನ್ನು ಎಲ್ಲಿಗೆ ಕೊಟ್ಟರು, ಎಷ್ಟು ಬಂಗಾರ ಹಾಕಿದರು, ಯಾಕೆ ಮುನಿಸಾಯ್ತು ಅನ್ನುವುದೆಲ್ಲ ಅಜ್ಜಿಯರ ಬಾಯಲ್ಲೇ ಇರುವುದು.

ಅಕ್ಕನಿಗೆ ಹುರುಪು ಬಂತು. ಒಳಗೆ ಹೋಗಿ ಸಮಾವೇಶದ ಫ್ಲೆಕ್ಸಿನ ಕರಡು ತಂದು ಬೇಲಿಯ ಮೇಲೆ ಹರವಿದರು. ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರ ಹೆಸರೂ ಇತ್ತು. ಅಕ್ಕನ ಯಜಮಾನರ ಪಕ್ಕದ ಚೌಕದಲ್ಲಿ ಮಾತ್ರ ‘ಪತ್ನಿ’ ಅಂತ ಬರೆದಿತ್ತು.

“ಮುತ್ತಜ್ಜಿ ಇರಲಿ ಅಕ್ಕ, ಮೊದಲು ನಿಮ್ಮ ಹೆಸರು ಹಾಕಿಸಿ” ಅಂದೆ.