ಕುಕ್ಕುಟ ಶಯನೋತ್ಸವ

ಹಂಸಕ್ಕೆ ನಡಿಗೆಯನ್ನೂ ಕೋಗಿಲೆಗೆ ಕಂಠವನ್ನೂ ನವಿಲಿಗೆ ನೃತ್ಯವನ್ನೂ ಧಾರಾಳವಾಗಿ ಹಂಚಿಕೊಟ್ಟ ಮೇಲೆ ನಮ್ಮ ಪೂರ್ವಸೂರಿಗಳ ಕೈಯಲ್ಲಿ ಉಳಿದದ್ದು ಶಿಸ್ತೊಂದೇ ಆಗಿದ್ದಿತೆಂದು ತೋರುತ್ತದೆ. ಅದನ್ನು ಅವರು ಕೋಳಿಗೆ ಕೊಟ್ಟು ಕೈತೊಳೆದುಕೊಂಡರು. ಸಕಾಲದಲ್ಲಿ ಏಳುವುದು, ಹಿಮ್ಮೆಟ್ಟದೆ ಕಾದಾಡುವುದು, ಬಂಧುಗಳೊಡನೆ ಹಂಚಿಕೊಳ್ಳುವುದು, ಸ್ವಪ್ರಯತ್ನದಿಂದ ಅನ್ನವನ್ನು ಸಂಪಾದಿಸುವುದು, ಈ ನಾಲ್ಕನ್ನು ಮನುಷ್ಯನು ಕುಕ್ಕುಟದಿಂದ ಕಲಿಯತಕ್ಕದ್ದೆಂದು ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾಗಿರುವ ನೀತಿಗ್ರಂಥ ವಿಧಿಸುತ್ತದೆ. ಸಕಾಲದಲ್ಲಿ ಮಲಗುವ ಪ್ರಸ್ತಾಪ ಆ ಪಟ್ಟಿಯಲ್ಲಿಲ್ಲ. ತನ್ನ ಹುಂಜ ಕೂಗಿದರಲ್ಲದೆ ಊರಿಗೆ ಬೆಳಗಾಗದೆಂದು ನಂಬಿ, ನೆರೆಹೊರೆಯವರ ಮೇಲೆ ಮುನಿದು, ಹುಂಜವನ್ನು ಕಂಕುಳಲ್ಲಿರುಕಿಕೊಂಡು ಕಾಡಿಗೆ ಹೊರಟುಹೋದ ಅಜ್ಜಿಯ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಮಾರನೆಯ ದಿನ ಊರಿಗೆ ಬೆಳಗಾಯಿತೆಂಬುದೇ ಅದರ ಸ್ವಾರಸ್ಯವೆಂದು ಎಲ್ಲರೂ ನಕ್ಕಿದ್ದೇವೆ. ಆದರೆ ಹಿಂದಿನ ರಾತ್ರಿ ಆ ಹುಂಜ ಎಲ್ಲಿ ಮಲಗಿತೆಂದು ವಿಚಾರಿಸಿದವರು ಒಬ್ಬರೂ ಇಲ್ಲ. ನಾನು ಹೇಳಬಲ್ಲೆ: ಮರದ ಮೇಲೆ.

ಹಾಗೆ ನಿಸ್ಸಂಶಯವಾಗಿ ಹೇಳಲು ಆಧಾರವಿದೆ. ನಮ್ಮದು ಮಲೆನಾಡಿನ ಸೆರಗಿನಲ್ಲಿರುವ ಒಂದು ಸಣ್ಣ ಪೇಟೆ. ಇಲ್ಲಿ ಹಿತ್ತಿಲೆಂದರೆ ಒಂದು ಬಾವಿ, ಒಂದು ಬಚ್ಚಲುಮನೆ, ಕೆಲವು ಬಾಳೆ, ಒಂದು ಹಲಸು, ಅದರಾಚೆ ಯಾರದೋ ಅಡಿಕೆಯ ತೋಟ, ತೋಟದಾಚೆ ಕಾಡು. ಕಾಡಿನಿಂದ ಇಳಿದು ಬರುವ ನರಿಗೂ ಕಾಡುಬೆಕ್ಕಿಗೂ ನಮ್ಮ ಬೇಲಿಯು ಕೇವಲ ಔಪಚಾರಿಕವಾದ ರೇಖೆ. ಕಬ್ಬೆಕ್ಕಂತೂ ಮರವೇರುವುದರಲ್ಲಿ ಸಿದ್ಧಹಸ್ತ. ಆದ್ದರಿಂದ, ಮನೆಯಾಕೆಯು ಆರೆಂಟು ನಾಟಿಕೋಳಿಗಳನ್ನು ಸಾಕುವ ಸಂಕಲ್ಪ ಮಾಡಿದಾಗ, ಊರಿನ ಬಡಗಿಯನ್ನು ಕರೆಸಿ, ಹಲಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು, ಕಿಟಕಿಗೆ ತಂತಿಯ ಜಾಲರಿ, ಬಾಗಿಲಿಗೆ ಹಿತ್ತಾಳೆಯ ಚಿಲಕ, ಇಷ್ಟು ಸಕಲ ಸೌಕರ್ಯಗಳುಳ್ಳ ಗೂಡೊಂದನ್ನು ಮಾಡಿಸಲಾಯಿತು. ಅದನ್ನು ನೋಡಿದ ನೆರೆಯವರೊಬ್ಬರು ತಮ್ಮ ಮಗನ ವಿದ್ಯಾರ್ಥಿನಿಲಯದ ಕೊಠಡಿಯೂ ಇಷ್ಟು ಚೆನ್ನಾಗಿಲ್ಲವೆಂದು ನಿಟ್ಟುಸಿರಿಟ್ಟರು.

ಗೃಹಪ್ರವೇಶದ ಸಂಜೆ ಕೋಳಿಗಳು ಒಂದೊಂದಾಗಿ ಬಂದು ಬಾಗಿಲಲ್ಲಿ ಕತ್ತು ಚಾಚಿ ಒಳಗೆ ಇಣುಕಿ, ಒಂದು ಕಣ್ಣಿನಿಂದ ಒಮ್ಮೆ, ಇನ್ನೊಂದು ಕಣ್ಣಿನಿಂದ ಇನ್ನೊಮ್ಮೆ ಪರಾಮರ್ಶಿಸಿ, ಯಾವ ಅಭಿಪ್ರಾಯವನ್ನೂ ವ್ಯಕ್ತಪಡಿಸದೆ ಹಿಂದಿರುಗಿ, ಬಾವಿಯ ಕಟ್ಟೆಯಿಂದ ಬಚ್ಚಲ ಹೆಂಚಿಗೂ, ಬಚ್ಚಲ ಹೆಂಚಿನಿಂದ ಹಲಸಿನ ಕೊಂಬೆಗೂ ನೆಗೆದು, ರೆಕ್ಕೆಯನ್ನು ಕೊಡವಿ ಕುಳಿತುಬಿಟ್ಟವು. ಕೆಳಗೆ ಅಕ್ಕಿಯ ನುಚ್ಚನ್ನು ಹಿಡಿದು, ಕೊ ಕೊ ಕೊ ಎಂಬ ಸಂಬೋಧನೆಯನ್ನು ಮಂದ್ರದಿಂದ ತಾರಸ್ಥಾಯಿಯವರೆಗೆ ಏರಿಸುತ್ತ ನಿಂತ ಗೃಹಸ್ಥನ ಕಡೆಗೆ ಒಂದಾದರೂ ತಲೆ ತಿರುಗಿಸಲಿಲ್ಲ. ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ರಾಜನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲಿದುದನ್ನು ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ವರ್ಣಿಸಿದ್ದಾನೆ, ಆ ಸಂಜೆ ಹಲಸಿನ ಬುಡದಲ್ಲಿ ನನ್ನ ಮನಸ್ಸಿನಲ್ಲಿ ಹಾದುಹೋದ ಸಂಕಲ್ಪಗಳ ಲೆಕ್ಕದಲ್ಲಿ ನನಗೆ ಎಷ್ಟು ಜನ್ಮಗಳು ಕಾದಿವೆಯೋ ತಿಳಿಯದು.

ತಪ್ಪು ಕೋಳಿಗಳದಲ್ಲವೆಂದು ಮೊದಲು ತಿಳಿಯಹೇಳಿದವರು ಪಶುವೈದ್ಯರಾದ ನನ್ನ ಮಿತ್ರರು. ಅವರು ಹೇಳಿದ್ದರ ತಾತ್ಪರ್ಯವಿಷ್ಟು: ಪ್ರಪಂಚದ ಸಾಕುಕೋಳಿಗಳೆಲ್ಲಕ್ಕೂ ಮುಖ್ಯ ಮೂಲಪುರುಷನು ಕೆಂಪು ಕಾಡುಕೋಳಿ, ಅದರ ಜೊತೆಗೆ ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯ ರಕ್ತವೂ ಅಲ್ಲಲ್ಲಿ ಬೆರೆತಿದ್ದು, ಅನೇಕ ಊರುಕೋಳಿಗಳ ಹಳದಿಯ ಚರ್ಮಕ್ಕೂ ಹಳದಿಯ ಕಾಲಿಗೂ ಕಾರಣವಾದ ಗುಣಾಂಶವು ಬೂದುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ಎರಡು ಪೂರ್ವಜರೂ ಹಗಲು ನೆಲದಲ್ಲಿ ಕೆದಕಿ, ಸಂಜೆ ಮರವನ್ನೋ ಬಿದಿರನ್ನೋ ಏರಿ ಮಲಗುವವರು. ಇದನ್ನು ಕೇಳಿ ನನಗೆ ಕೋಳಿಯ ಮೇಲೆ ಒಂದು ಬಗೆಯ ಗೌರವವೇ ಹುಟ್ಟಿತು. ಸಾವಿರಾರು ವರ್ಷಗಳ ದಾಸ್ಯದಲ್ಲಿ ಅದು ಮೊಟ್ಟೆಯನ್ನು ಬಿಟ್ಟುಕೊಟ್ಟಿತು, ಮಾಂಸವನ್ನು ಬಿಟ್ಟುಕೊಟ್ಟಿತು, ಆಕಾಶವನ್ನೇ ಬಹುಮಟ್ಟಿಗೆ ಬಿಟ್ಟುಕೊಟ್ಟಿತು. ಎತ್ತರದ ಹಾಸಿಗೆಯೊಂದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಈ ಜ್ಞಾನದ ಬೆಳಕಿನಲ್ಲಿ ಗೂಡನ್ನು ಮತ್ತೊಮ್ಮೆ ನೋಡಿದಾಗ ಬಡಗಿಯ ತತ್ತ್ವ ವಿಶದವಾಯಿತು. ಮಲಗುವುದು ನೆಲದ ಸಮೀಪದಲ್ಲಿ, ಸಾಮಾನು ಸರಂಜಾಮು ಅಟ್ಟದ ಮೇಲೆ, ಇದು ಮನುಷ್ಯನ ವಾಸ್ತು. ಅದನ್ನೇ ಅನುಸರಿಸಿ ಅವನು ಅಡ್ಡಗೋಲನ್ನು ನೆಲಕ್ಕೆ ಗೇಣೆತ್ತರದಲ್ಲಿಯೂ ಮೊಟ್ಟೆಯಿಡುವ ಬುಟ್ಟಿಗಳನ್ನು ಅದರ ಮೇಲ್ಗಡೆಯಲ್ಲಿಯೂ ಜೋಡಿಸಿದ್ದನು. ಕೋಳಿಯ ವಾಸ್ತು ಇದಕ್ಕೆ ತದ್ವಿರುದ್ಧ. ಗೂಡಿನೊಳಗಿನ ಅತ್ಯುನ್ನತ ಸ್ಥಾನವೇ ಅದರ ಶಯ್ಯೆ. ಬುಟ್ಟಿಯು ಗೋಲಿಗಿಂತ ಎತ್ತರದಲ್ಲಿದ್ದರೆ ಅದು ಬುಟ್ಟಿಯಲ್ಲಿಯೇ ಮಲಗಿ, ರಾತ್ರಿಯ ವಿಸರ್ಜನೆಗಳನ್ನೆಲ್ಲ ಅಲ್ಲಿಯೇ ಪೂರೈಸಿ, ಮಾರನೆಯ ದಿನದ ಮೊಟ್ಟೆಯನ್ನು ಅದರ ಮೇಲೆಯೇ ಇಡುತ್ತದೆ. ಆದ್ದರಿಂದ ಬುಟ್ಟಿಗಳು ಕೆಳಗಿಳಿದವು, ಅಡ್ಡಗೋಲು ಮೂರಡಿ ಮೇಲೇರಿತು. ಅದು ದುಂಡನೆಯ ಸಣ್ಣ ಕೋಲಾಗಿರದೆ, ಕುಳಿತ ಕೋಳಿಯ ಎದೆಯ ಗರಿಗಳು ಬೆರಳುಗಳನ್ನು ಮುಚ್ಚುವಂತೆ ಸುಮಾರು ಎರಡಂಗುಲ ಅಗಲದ, ಅಂಚುಗಳನ್ನು ಉಜ್ಜಿ ನಯಗೊಳಿಸಿದ ರೀಪಾಗಿರಬೇಕೆಂದೂ, ಒಂದೊಂದು ಕೋಳಿಗೆ ಒಂದೊಂದು ಗೇಣು ಜಾಗ ಬೇಕೆಂದೂ ಮಿತ್ರರು ಅಪ್ಪಣೆ ಕೊಡಿಸಿದರು.

ಇಷ್ಟಾದರೂ ಕೋಳಿಗಳು ಹಲಸನ್ನು ಬಿಡಲಿಲ್ಲ. ಶಾಸ್ತ್ರವು ಸೋತಲ್ಲಿ ಪಕ್ಕದ ಮನೆಯ ಅಜ್ಜಿ ಪ್ರವೇಶಿಸಿದರು. “ಹಗಲು ಹಿಡೀಬ್ಯಾಡ, ಕತ್ತಲಾಗ್ಲಿ. ಕತ್ತಲಲ್ಲಿ ಕೋಳಿಗೆ ಕಣ್ಣಿಲ್ಲ” ಎಂಬುದು ಅವರ ಉಪದೇಶ, ಅದು ಅಕ್ಷರಶಃ ಸತ್ಯ. ಬಣ್ಣಗಳನ್ನು ಗ್ರಹಿಸುವ ವಿಷಯದಲ್ಲಿ ಕೋಳಿಯ ಕಣ್ಣು ನಮ್ಮದಕ್ಕಿಂತ ಬಹಳ ಶ್ರೀಮಂತ, ನಮಗೆ ಅಗೋಚರವಾದ ಅತಿನೇರಳೆಯೂ ಅದಕ್ಕೆ ಕಾಣುತ್ತದೆ. ಆದರೆ ಮಬ್ಬು ಕವಿದೊಡನೆ ಆ ಸಿರಿಯೆಲ್ಲ ಹಾರಿಹೋಗಿ, ಹಗಲೆಲ್ಲ ಊರನ್ನು ಆಳಿದ ಹುಂಜವೂ ಕುಳಿತಲ್ಲಿಯೇ ಕಲ್ಲಾಗುತ್ತದೆ. ಏಣಿ ಹಾಕಿ, ಮಂದವಾದ ಲಾಂದ್ರದ ಬೆಳಕಿನಲ್ಲಿ ಹೊಟ್ಟೆಯ ಕೆಳಗೆ ಕೈಯಿಕ್ಕಿ ಎತ್ತಿದರೆ, ಗೊರ್ ಎಂಬ ಒಂದು ಆಕ್ಷೇಪಣೆಯನ್ನು ದಾಖಲಿಸಿ ಸುಮ್ಮನಾಗುತ್ತದೆ. ಹಾಗೆ ಒಂದೊಂದನ್ನೂ ಇಳಿಸಿ, ಗೋಲಿನ ಮೇಲೆ ಕೂರಿಸಿ, ಬಾಗಿಲು ಮುಚ್ಚಿ, ಅಜ್ಜಿಯ ಆಜ್ಞೆಯಂತೆ ಒಂದು ವಾರ ಹಗಲೂ ಹೊರಗೆ ಬಿಡದೆ ಅನ್ನಪಾನಗಳನ್ನು ಒಳಗೇ ಒದಗಿಸಿದೆವು. ಆ ವಾರದ ಕೂಗಾಟವನ್ನು ಕೇಳಿದ ದಾರಿಹೋಕರು ನಮ್ಮ ಮನೆಯಲ್ಲಿ ಏನೋ ಘೋರವಾದ ಅನ್ಯಾಯ ನಡೆಯುತ್ತಿದೆಯೆಂದು ಭಾವಿಸಿದ್ದರೆ ಅದು ಸಹಜ. ಆದರೆ ಕೋಳಿಯು ತಾನು ಎದ್ದ ಸ್ಥಳವನ್ನೇ ಮನೆಯೆಂದು ಎಣಿಸುವ ಜೀವ. ಗೃಹಬಂಧನವು ಮುಗಿದ ಸಂಜೆ ಅವುಗಳಲ್ಲಿ ಹೆಚ್ಚಿನವು ಹಲಸಿನ ಕಡೆಗೆ ನೋಡಲಿಲ್ಲ.

ಬಾಗಿಲವರೆಗೆ ಬಂದವು, ಒಳಗೆ ಹೋಗಲಿಲ್ಲ. ಕಾರಣ ಸರಳ: ಮುಸ್ಸಂಜೆಯಲ್ಲಿ ಹೊರಗೆ ಇನ್ನೂ ಬೆಳಕಿರುವಾಗಲೇ ಗೂಡಿನ ಒಳಗೆ ಕತ್ತಲು ತುಂಬಿರುತ್ತದೆ, ಇರುಳುಗುರುಡು ಹಕ್ಕಿಯು ಕಾಣದ ಗುಹೆಯೊಳಕ್ಕೆ ಹೇಗೆ ಕಾಲಿಟ್ಟೀತು? ಆದಕಾರಣ ಜಾಲರಿಯ ಪಕ್ಕದಲ್ಲಿ ಒಂದು ದೀಪವನ್ನು ತೂಗುಹಾಕಿ, ಎಲ್ಲವೂ ಏರಿ ಕುಳಿತ ಮೇಲೆ ಅದನ್ನು ಆರಿಸುವ ಪದ್ಧತಿ ಆರಂಭವಾಯಿತು. ಸಂಧ್ಯಾಕಾಲದಲ್ಲಿ ಹಿತ್ತಿಲಿನಲ್ಲಿ ದೀಪ ಹಚ್ಚಿ ಕೈಕಟ್ಟಿ ನಿಲ್ಲುವ ನನ್ನನ್ನು ಕಂಡು, ವಯಸ್ಸಾದ ಮೇಲಾದರೂ ದೈವಭಕ್ತಿ ಬಂತಲ್ಲ ಎಂದು ಸಂತೋಷಪಟ್ಟವರಿದ್ದಾರೆ. ಅವರ ಸಂತೋಷಕ್ಕೆ ನಾನು ಭಂಗ ತರಲಿಲ್ಲ.

ದೀಪದ ಬೆಳಕಿನಲ್ಲಿ ಕಂಡ ದೃಶ್ಯವಾದರೋ ದೀಪಕ್ಕೆ ಸುರಿದ ಎಣ್ಣೆಗೆ ಹತ್ತರಷ್ಟು ಬೆಲೆಯುಳ್ಳದ್ದು. ಯಾವ ಕೋಳಿ ಯಾವ ಕೋಳಿಯನ್ನು ಕುಕ್ಕಬಹುದು, ಯಾವುದು ಕುಕ್ಕಿಸಿಕೊಂಡು ಸುಮ್ಮನಿರಬೇಕು ಎಂಬ ಕಟ್ಟುನಿಟ್ಟಾದ ಶ್ರೇಣಿಯೊಂದು ಅವುಗಳಲ್ಲಿ ಇದೆಯೆಂದು, ಹುಡುಗತನದಿಂದಲೂ ಕೋಳಿಗಳನ್ನೇ ನೋಡುತ್ತ ಬೆಳೆದ ನಾರ್ವೆ ದೇಶದ ಶೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸನು 1920ರ ದಶಕದ ಆರಂಭದಲ್ಲಿ ಪ್ರಕಟಪಡಿಸಿದನು. ಆ ಶ್ರೇಣಿಯ ವಾರ್ಷಿಕ ಅಧಿವೇಶನವು ನಮ್ಮ ಗೂಡಿನಲ್ಲಿ ಪ್ರತಿ ಸಂಜೆಯೂ ಸೇರುತ್ತದೆ. ಸಾಹಿತ್ಯ ಸಮ್ಮೇಳನದ ವೇದಿಕೆಯ ಮೇಲೆ ಮಧ್ಯದ ಕುರ್ಚಿಗಾಗಿ ನಡೆಯುವ ಮೌನಸಂಗ್ರಾಮವನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಂಪಿಯೆಂಬ ಹಿರಿಯ ಹೇಂಟೆಯು ಮೊದಲು ಏರಿ ಗೋಲಿನ ಒಳತುದಿಯನ್ನು ಹಿಡಿಯುವಳು. ಅವಳ ಪಕ್ಕಕ್ಕೆ ಕರಿಯಕ್ಕ. ಕಿರಿಯವು ಮೇಲೇರಿ, ಕುಕ್ಕಿಸಿಕೊಂಡು, ಕೆಳಗೆ ಬಿದ್ದು, ಪುನಃ ಏರಿ, ಕಟ್ಟಕಡೆಗೆ ಬಾಗಿಲ ಪಕ್ಕದ ಗಾಳಿಯ ಮೂಲೆಯಲ್ಲಿ ಒತ್ತಿಕೊಂಡು ಕೂರುವವು. ತುದಿಯಲ್ಲಿ ಕುಳಿತದ್ದು ಕೆಲವೊಮ್ಮೆ ಒಂದೇ ಕಣ್ಣನ್ನು ಮುಚ್ಚಿ ಮಲಗುವುದನ್ನೂ ಕಂಡಿದ್ದೇನೆ. ಹಾಗೆ ಅರ್ಧ ಮಿದುಳನ್ನು ಎಚ್ಚರವಾಗಿಟ್ಟು ನಿದ್ರಿಸುವುದು ಹಕ್ಕಿಗಳಿಗೆ ಸಾಧ್ಯವಂತೆ.

ಮಳೆಗಾಲ ಕಳೆಯುತ್ತಿದ್ದಂತೆ, ಇಷ್ಟು ಸುಶಿಕ್ಷಿತವಾದ ಸಮಾಜವು ಒಂದು ಸಂಜೆ ಒಕ್ಕೊರಲಿನಿಂದ ಮುಷ್ಕರ ಹೂಡಿತು. ದೀಪಕ್ಕೂ ಜಗ್ಗಲಿಲ್ಲ, ನುಚ್ಚಿಗೂ ಜಗ್ಗಲಿಲ್ಲ. “ಕೋಳಿಹೇನು ನೋಡು” ಎಂದರು ಅಜ್ಜಿ, ಎದ್ದು ಬರುವ ಶ್ರಮವನ್ನೂ ತೆಗೆದುಕೊಳ್ಳದೆ. ರಾತ್ರಿ ಬಿಳಿಯ ಬಟ್ಟೆಯೊಂದನ್ನು ಅಡ್ಡಗೋಲಿನ ಅಡಿಗೆ ಒತ್ತಿ ಎಳೆದಾಗ ಅದರ ಮೇಲೆ ರಕ್ತದ ಗೀರುಗಳು ಮೂಡಿದವು. ಹಗಲೆಲ್ಲ ಮರದ ಸಂದುಗಳಲ್ಲಿ ಅಡಗಿದ್ದು ಇರುಳಿನಲ್ಲಿ ಮಾತ್ರ ಹೊರಟು ಮಲಗಿದ ಕೋಳಿಯ ರಕ್ತವನ್ನು ಹೀರುವ ಕೆಂಪು ನುಸಿ ಅದು. ಕೋಳಿಯ ಮೈಯನ್ನು ಹಗಲು ಎಷ್ಟು ಹುಡುಕಿದರೂ ಸಿಕ್ಕದು. ಗೂಡನ್ನು ಬರಿದು ಮಾಡಿ, ಕುದಿಯುವ ನೀರೆರೆದು, ಬಿಸಿಲಿಗೆ ಒಣಗಿಸಿ, ಸಂದುಗೊಂದುಗಳಿಗೆಲ್ಲ ಸುಣ್ಣ ಬಳಿದು, ಗೋಲಿಗೆ ಬೇವಿನೆಣ್ಣೆ ಸವರಿ, ಕೆಲವು ದಿನಗಳ ತರುವಾಯ ಅದನ್ನೆಲ್ಲ ಪುನಃ ಒಮ್ಮೆ ಮಾಡಿದ ಮೇಲೆ ಮುಷ್ಕರ ಮುರಿಯಿತು. ಸಾಕುವವರಿಗೆ ನಾನು ಖಂಡಿತವಾಗಿ ಹೇಳಬಹುದಾದದ್ದು ಇದೊಂದೇ: ರೂಢಿಯಾದ ಗೂಡನ್ನು ಕೋಳಿ ಒಮ್ಮೆಗೇ ನಿರಾಕರಿಸಿದರೆ ಅದರ ಹಟವನ್ನು ದೂರುವ ಮೊದಲು ಹಲಗೆಯ ಸಂದನ್ನು ನೋಡಬೇಕು.

ಈಚೆಗೆ ಮಿತ್ರರ ಪ್ರೇರಣೆಯಿಂದ ಒಂದು ಗಿರಿರಾಜ ಹುಂಜವೂ ಬಂದಿದೆ. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಈ ತಳಿಯ ಗಾತ್ರ ಹೆಸರಿಗೆ ತಕ್ಕದ್ದೇ. ಮೂರಡಿ ಹಾರುವುದು ಅದರಿಂದಾಗದು. ಹಾರಿದರೂ ಇಳಿಯುವಾಗ ಕಾಲಿಗೆ ಪೆಟ್ಟಾಗುವ ಭಯ. ಅದರ ಸಲುವಾಗಿ ಮೊಳಕ್ಕಿಂತ ತಗ್ಗಿನಲ್ಲಿ ಪ್ರತ್ಯೇಕವಾದ ಪೀಠವೊಂದನ್ನು ಬಡಗಿಯು ಮಾಡಿಕೊಟ್ಟು, ತನ್ನ ಮೊದಲಿನ ಅಳತೆಯೇ ಸರಿಯಾಗಿತ್ತೆಂದು ಸಾರಿಹೋದನು.

ಈಗ ನಿತ್ಯವೂ ಸೂರ್ಯಾಸ್ತದ ಹೊತ್ತಿಗೆ ಶಯನೋತ್ಸವವು ಯಾರ ನೆರವೂ ಇಲ್ಲದೆ ತಾನೇ ತಾನಾಗಿ ನೆರವೇರುತ್ತದೆ. ನನ್ನ ಪಾಲಿಗೆ ಉಳಿದಿರುವುದು ತಲೆಯೆಣಿಸಿ ಚಿಲಕ ಹಾಕುವ ಕೆಲಸ ಮಾತ್ರ. ಆದರೆ ಆ ಗಳಿಗೆಯಲ್ಲಿ ಹೊಸದೇನು ಕಂಡರೂ, ಅಪರಿಚಿತರ ಮುಖವಾಗಲಿ ಬಣ್ಣದ ಸೀರೆಯಾಗಲಿ, ಮುಖ್ಯವಾಗಿ ಬಿಚ್ಚಿದ ಕೊಡೆ, ಇಡೀ ಸಭೆ ಚದುರಿ ಹಲಸನ್ನೇರುತ್ತದೆ. ಆಮೇಲೆ ಏಣಿ, ಲಾಂದ್ರ, ಕತ್ತಲೆ. ಆದುದರಿಂದ ನನ್ನನ್ನು ಕಾಣಬಯಸುವ ಮಿತ್ರರಲ್ಲಿ ವಿನಂತಿ: ಸಂಜೆ ಬರುವವರು ಹಿತ್ತಿಲ ದಾರಿಯನ್ನು ಬಿಟ್ಟು ಮುಂಬಾಗಿಲಿನಿಂದಲೇ ಬರಬೇಕು, ಮಳೆ ಹನಿಯುತ್ತಿದ್ದರೂ ಬೇಲಿಯ ಬಳಿಯಲ್ಲಿಯೇ ಕೊಡೆಯನ್ನು ಮಡಿಚಬೇಕು, ಒರಸಿಕೊಳ್ಳಲು ಟವೆಲನ್ನು ಜಗಲಿಯ ಮೇಲೆ ಇಟ್ಟಿರುತ್ತೇನೆ.