ಮಗುವಿನ ಹಿತಕ್ಕಾಗಿ ಊರು ಬಿಡುವವರಿಗೂ, ಬಿಡಗೊಡದವರಿಗೂ

ಮಾನ್ಯ ಅಪ್ಪನವರೇ, ಮಾನ್ಯ ಅಮ್ಮನವರೇ,

ಉಭಯ ಕುಶಲೋಪರಿ ಸಾಂಪ್ರತ. ಉಭಯರೂ ಕುಶಲವೇ ಎಂಬುದನ್ನು ಉಭಯ ವಕೀಲರನ್ನು ಕೇಳದೆ ಹೇಳುವಂತಿಲ್ಲ, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಅಮ್ಮನವರಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿದೆ. ಮಗಳನ್ನು ಜೊತೆಗೆ ಕರೆದೊಯ್ಯುವುದು ಮಗುವಿನ ಹಿತಕ್ಕೆ ಎಂದು ಅರ್ಜಿ. ಬೆಂಗಳೂರಿನಲ್ಲೇ ಉಳಿಯುವುದು ಮಗುವಿನ ಹಿತಕ್ಕೆ ಎಂದು ಅಪ್ಪನವರ ತಕರಾರು. ಒಂದೇ ಮಗುವಿಗೆ ಇಷ್ಟು ಹಿತಚಿಂತಕರು! ಒಬ್ಬರ ಪ್ರಮಾಣಪತ್ರದಲ್ಲಿ ಅವಳು ನಾಲ್ಕನೇ ಕ್ಲಾಸ್ 'ಬಿ' ವಿಭಾಗ, ಇನ್ನೊಬ್ಬರದರಲ್ಲಿ 'ಸಿ'. ಹುಡುಗಿ ಓದುತ್ತಿರುವುದು ಐದನೇ ಕ್ಲಾಸಿನಲ್ಲಿ.

ನಮ್ಮ ಹೈಕೋರ್ಟ್ 2013ರಲ್ಲಿ ಒಂದು ಮಗುವಿನ ವರ್ಷವನ್ನು ಎರಡು ಪಾಲು ಮಾಡಿ, ಜನವರಿಯಿಂದ ಜೂನ್ ಅಪ್ಪನಿಗೆ, ಜುಲೈಯಿಂದ ಡಿಸೆಂಬರ್ ಅಮ್ಮನಿಗೆ ಎಂದು ಹಂಚಿತ್ತು. ನೀವೂ ರಾಜಿಯಲ್ಲಿ ಅದನ್ನೇ ಬರೆಸಿಕೊಂಡಿರಿ. ಅಂದಿನಿಂದ ಅವಳಿಗೆ ಯುಗಾದಿಯ ಬೇವುಬೆಲ್ಲ ಅಪ್ಪನ ಮನೆಯದು, ದಸರಾ ಗೊಂಬೆ ಅಮ್ಮನ ಮನೆಯದು. ಸ್ಕೂಲು ಶುರುವಾದಾಗ ಹೊಸ ಪುಸ್ತಕಗಳಿಗೆ ಅಪ್ಪ ಬೈಂಡು ಹಾಕುತ್ತಾರೆ. ಜುಲೈ ಒಂದಕ್ಕೆ ಅಮ್ಮ ಅದನ್ನು ಕಿತ್ತು ಬೇರೆ ಬೈಂಡು ಹಾಕುತ್ತಾರೆ. ಹಸ್ತಾಂತರ ಮಾಲ್‌ನ ಫುಡ್‌ಕೋರ್ಟಿನಲ್ಲಿ, ಪಟ್ಟಿಯ ಸಮೇತ: ಯೂನಿಫಾರ್ಮ್ ಎರಡು ಜೊತೆ, ಸಾಕ್ಸ್ ನಾಲ್ಕು ಜೊತೆ, ಇನ್‌ಹೇಲರ್ ಒಂದು. ಸಾಕ್ಸ್ ಮೂರೇ ಜೊತೆ ವಾಪಸಾದರೆ ವಾಟ್ಸ್ಆ್ಯಪ್‌ನಲ್ಲಿ ಸಾಕ್ಷ್ಯ ಸಿದ್ಧ. ರಾತ್ರಿ ಕೆಮ್ಮಿದಳೇ ಎಂದು ಕೇಳುವ ಕಲಂ ಮಾತ್ರ ಪಟ್ಟಿಯಲ್ಲಿಲ್ಲ.

ಈಗ ಈ ಪಟ್ಟಿ ಸಮುದ್ರ ದಾಟಬೇಕು. ಸಿಂಗಪುರದ ಸರ್ಕಾರಿ ಶಾಲೆಗಳಲ್ಲಿ ವರ್ಷ ಜನವರಿಗೆ ಶುರು. ಅಂದರೆ ಪಾಠ ಆರಂಭವಾಗುವ ಹೊತ್ತಿಗೆ ವಿದ್ಯಾರ್ಥಿನಿ ಅಪ್ಪನ ಪಾಲಿಗೆ, ಬೆಂಗಳೂರಿಗೆ. ವೀಡಿಯೊ ಕಾಲ್ ಇದೆಯಲ್ಲ ಎನ್ನುತ್ತೀರಿ. ಟ್ರಾಫಿಕ್ ದಾಟಿ ಅಪ್ಪ ಮನೆ ಸೇರುವ ಎಂಟು ಗಂಟೆಗೆ ಅಲ್ಲಿ ಹತ್ತೂವರೆ. ನಿದ್ದೆಗಣ್ಣಿನ ಮಗು ಸರಿಯಾಗಿ ಮಾತಾಡಲಿಲ್ಲ ಎಂಬುದಕ್ಕೆ ಇನ್ನೊಂದು ಅರ್ಜಿ.

ಕಾನೂನನ್ನಂತೂ ಇಬ್ಬರೂ ಅರೆದು ಕುಡಿದಿದ್ದೀರಿ. 1956ರ ಹಿಂದೂ ಪಾಲಕತ್ವ ಕಾಯ್ದೆಯ ಆರನೇ ಕಲಂ ಸಹಜ ಪಾಲಕರಲ್ಲಿ ಮೊದಲು ತಂದೆಯ ಹೆಸರು ಹೇಳುತ್ತದೆ. ಅದು ಅಪ್ಪನವರಿಗೆ ಬಾಯಿಪಾಠ. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಎನ್ನುವ ಹದಿಮೂರನೇ ಕಲಂ ಇರುವ ಪುಟ ಅವರ ಪುಸ್ತಕದಲ್ಲಿ ಅಂಟಿಕೊಂಡಿರಬೇಕು. ಮಗನೊಂದಿಗೆ ಆಸ್ಟ್ರೇಲಿಯಾಕ್ಕೆ ಹೋಗಲು ಒಬ್ಬ ತಾಯಿಗೆ ಸುಪ್ರೀಂ ಕೋರ್ಟ್ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಆ ತೀರ್ಪಿನ ಮೂರು ಪ್ರತಿ ಅಮ್ಮನವರ ಬಳಿ ಇದೆ. ಅಲ್ಲಿ ನ್ಯಾಯಮೂರ್ತಿಗಳು ಹುಡುಗನನ್ನೇ ಕರೆದು ಮಾತನಾಡಿಸಿದ್ದರು. ಆ ಸಾಲಿನ ಕೆಳಗೆ ಮಾತ್ರ ಯಾರೂ ಗೆರೆ ಎಳೆದಿಲ್ಲ.

ತಮಾಷೆ ಬಿಟ್ಟು ಒಂದು ಮಾತು. ಅಪ್ಪನವರ ಭಯ ಪೂರ್ತಿ ಸುಳ್ಳಲ್ಲ. ಗಡಿ ದಾಟಿಸಿದ ಮಕ್ಕಳನ್ನು ವಾಪಸು ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಮ್ಮನವರ ಸಂಕಟವೂ ನಾಟಕವಲ್ಲ; ಸಿಕ್ಕ ಕೆಲಸ ವಾಯಿದೆಯಿಂದ ವಾಯಿದೆಗೆ ಕಾಯುತ್ತ ಕೂರುವುದಿಲ್ಲ. ಹಾಗೆಂದು ಮಗುವಿನ ಪಾಸ್‌ಪೋರ್ಟ್ ಅರ್ಜಿಗೆ ಸಹಿ ಹಾಕದೆ ಸತಾಯಿಸುವುದನ್ನಾಗಲಿ, 'ನಿನ್ನಪ್ಪ ಕಳಿಸಲ್ವಂತೆ' ಎಂದು ಊಟದ ಹೊತ್ತಿಗೆ ಮಗುವಿನ ಕಿವಿಗೆ ಹಾಕುವುದನ್ನಾಗಲಿ ಹಿತ ಎಂದು ಕರೆಯಬೇಡಿ.

ತಿಳಿದು ಹೇಳುವಷ್ಟು ವಯಸ್ಸಾದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆ್ಯಕ್ಟ್ ಹೇಳುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಸರ್ಕಾರಕ್ಕೆ ಹೊಳೆದದ್ದು ನಿಮಗೂ ಹೊಳೆಯಬಹುದೆಂದು ಆಶಿಸುತ್ತೇನೆ. ಅವಳನ್ನು ಚೇಂಬರಿನಲ್ಲಿ ಮಾತನಾಡಿಸಿ ಎಂದು ಇಬ್ಬರೂ ಸೇರಿ ಒಂದು ಜಂಟಿ ಮೆಮೊ ಹಾಕಿ. ದಿನಾಂಕ ಕೇಳುವಾಗ ಜ್ಞಾಪಕವಿರಲಿ, ಮುಂದಿನ ವಾಯಿದೆಯ ದಿನ ಅವಳಿಗೆ ಗಣಿತ ಪರೀಕ್ಷೆ ಇದೆ.

ಇತಿ,
ಇಬ್ಬರ ಪರವಾಗಿಯೂ ವಕಾಲತ್ತು ಹಾಕದ ಒಬ್ಬ ವಕೀಲ